ಕೊರತೆಯೇ ಇಲ್ಲದ ಕಾರು

“ಬುದ್ಧಿ, ಮನೆಯಲ್ಲಿ ಎಲ್ಲಿ ನೋಡಿದರೂ ಕೊರತೆಯೇ ಕಾಣುತ್ತದೆ. ಇಲ್ಲಿ ಆಶ್ರಮದಲ್ಲಿ ಒಂದು ಕೊರತೆಯೂ ಕಾಣುವುದಿಲ್ಲ. ಹಾಗಾದರೆ ನನ್ನ ಜಾಗ ಯಾವುದು?”

ಹೀಗೆಂದು ಕೇಳಿದವನು ಹಾಲೇಶಪ್ಪ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ವಯಸ್ಸು ನಲವತ್ತಾರು. ಮೂರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆಶ್ರಮಕ್ಕೆ ಬಂದು, ಗುರುಗಳ ಮಾತು ಕೇಳಿ, ಪ್ರಸಾದ ಉಂಡು, ನಾಲ್ಕರ ಬಸ್ಸಿಗೆ ಹಿಂದಿರುಗುತ್ತಿದ್ದ. ಆ ಭಾನುವಾರ ಮಾತ್ರ ಅವನ ಕೈಯಲ್ಲಿ ಒಂದು ಚೀಲವಿತ್ತು. ಚೀಲದಲ್ಲಿ ಎರಡು ಪಂಚೆ, ಜೇಬಿನಲ್ಲಿ ಶಾಲೆಗೆ ಬರೆದ ರಾಜೀನಾಮೆ ಪತ್ರ. ಕಾವಿ ಉಟ್ಟು ಇಲ್ಲಿಯೇ ಉಳಿಯುವುದೆಂದು ಅವನು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಪ್ರಶ್ನೆ ಕೇಳಿದ್ದು ಗುರುಗಳ ಬಾಯಿಂದ ‘ಇಲ್ಲಿಯೇ’ ಎನ್ನಿಸಿಕೊಳ್ಳುವುದಕ್ಕೆ.

“ಮನೆಯ ಕೊರತೆಗಳು ಎಷ್ಟು?” ಎಂದರು ಗುರುಗಳು.

“ಹತ್ತೊಂಬತ್ತು.”

“ಹೇಳು.”

ಹಾಲೇಶಪ್ಪ ಹೇಳತೊಡಗಿದ. ಹೆಂಡತಿ ಸರ್ವಮಂಗಳ ಯಾವ ಜಗಳವನ್ನೇ ಆಗಲಿ ಮದುವೆಯ ದಿನದಿಂದ ಶುರು ಮಾಡುತ್ತಾಳೆ. ಬುತ್ತಿ ಡಬ್ಬಿಯ ಮುಚ್ಚಳವನ್ನು ಎಷ್ಟು ಬಿಗಿಯಾಗಿ ಹಾಕುತ್ತಾಳೆಂದರೆ ಅದನ್ನು ತೆಗೆಯಲು ದಿನಾ ಡ್ರಿಲ್ ಮೇಷ್ಟ್ರನ್ನು ಕರೆಯಬೇಕು. ಮಗ ಅಪ್ಪನಿಗೆ ಹೇಳಬೇಕಾದ್ದನ್ನು ಅಮ್ಮನಿಗೆ ಹೇಳುತ್ತಾನೆ, ಅಪ್ಪ ಎದುರಿಗೇ ಕೂತಿದ್ದರೂ. ಗೋಡೆಯಾಚೆಯ ಅಣ್ಣ ಇಡೀ ಓಣಿಗೆ ಕೇಳುವಂತೆ ಟಿ.ವಿ. ಹಾಕುತ್ತಾನೆ, ಕೇಳಿದರೆ ಕಿವಿ ಮಂದ ಎನ್ನುತ್ತಾನೆ, ಆದರೆ ಇವನು ಮೆಲ್ಲಗೆ ಬೈದದ್ದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ಹತ್ತೊಂಬತ್ತನ್ನೂ ಹೇಳಿ ಮುಗಿಸಿದ. ಎಲ್ಲಿಯೂ ತಡವರಿಸಲಿಲ್ಲ, ಒಂದನ್ನೂ ಎರಡು ಸಲ ಹೇಳಲಿಲ್ಲ.

ಗುರುಗಳು ಪೂರ್ವಾಶ್ರಮದಲ್ಲಿ ಲಾರಿ ಓಡಿಸುತ್ತಿದ್ದರೆಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಹೌದೇ ಎಂದು ಅವರನ್ನೇ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅವರು ಹಾಲೇಶಪ್ಪನ ಚೀಲವನ್ನೊಮ್ಮೆ ನೋಡಿದರು. “ಚೀಲ ಕೆಳಗಿಡು, ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೂಲಿನ ವರ್ತಕನಿದ್ದ. ವ್ಯಾಪಾರದಲ್ಲಿ ಎತ್ತಿದ ಕೈ. ಅವನಿಗೆ ಒಂದೇ ಹುಚ್ಚು, ಕಾರಿನದು. ಹೊಸ ಕಾರುಗಳದ್ದಲ್ಲ, ಐವತ್ತು ವರ್ಷಗಳ ಹಿಂದೆ ಪಂದ್ಯಗಳಲ್ಲಿ ಓಡಿ ಹೆಸರು ಮಾಡಿದ ಕಾರುಗಳದ್ದು. ಅಂಥವು ಅವನ ಬಳಿ ಎರಡಿದ್ದವು. ಒಂದು ಕೆಂಪು, ಇನ್ನೊಂದು ಬೆಳ್ಳಿ ಬಣ್ಣದ್ದು. ಎರಡರಲ್ಲೂ ಇಬ್ಬರಿಗಷ್ಟೇ ಜಾಗ. ಎರಡೂ ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ವೇಗದಲ್ಲಿ ಒಂದಕ್ಕಿಂತ ಒಂದು ಮಿಗಿಲು.

ಕೆಂಪು ಕಾರು ಇಟಲಿಯದು. ವರ್ತಕ ಅದನ್ನು ತಂದದ್ದು ಒಬ್ಬ ಜಮೀನುದಾರನ ಹುಲ್ಲಿನ ಕೊಟ್ಟಿಗೆಯಿಂದ. ನೋಡಲು ಹೋದ ದಿನ ಅದರ ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು. ರಿಪೇರಿ ಮೇಸ್ತ್ರಿಯ ಜೊತೆ ತಾನೂ ಕೂತು, ಎರಡು ವರ್ಷ ಬಿಚ್ಚಿ, ತೊಳೆದು, ಜೋಡಿಸಿ, ಅದನ್ನು ರಸ್ತೆಗೆ ತಂದ. ಬೆಳ್ಳಿ ಕಾರು ಜರ್ಮನಿಯದು. ಅದು ಹಡಗಿನಲ್ಲಿ, ಮರದ ಪೆಟ್ಟಿಗೆಯೊಳಗೆ ಬಂತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಜೊತೆಗೆ ದಪ್ಪನೆಯ ಕಡತವಿತ್ತು. ಅದು ಯಾವ ವರ್ಷದ್ದು, ಅಂಥವು ಎಷ್ಟು ತಯಾರಾದವು, ಲೋಕದಲ್ಲಿ ಈಗ ಎಷ್ಟು ಉಳಿದಿವೆ ಎಂಬುದೆಲ್ಲ ಅದರಲ್ಲಿತ್ತು. ವರ್ತಕ ಕಡತವನ್ನು ಬಾಯಿಪಾಠ ಮಾಡಿಕೊಂಡ.

ಕೆಂಪು ಕಾರಿನಲ್ಲಿ ಅವನು ಅಂಗಡಿಗೆ ಹೋಗುತ್ತಿದ್ದ, ಬೀಗರ ಮನೆಗೆ ಹೋಗುತ್ತಿದ್ದ, ಮನಸ್ಸು ಕೆಟ್ಟಾಗ ಘಟ್ಟ ಹತ್ತಿ ಇಳಿದು ಬರುತ್ತಿದ್ದ. ಅದು ಅವನನ್ನು ಸುಮ್ಮನೆ ಬಿಟ್ಟ ದಿನವಿಲ್ಲ. ಬೈಯುತ್ತಲೇ ಓಡಿಸುತ್ತಿದ್ದ, ಬೈಯುತ್ತಲೇ ರಿಪೇರಿ ಮಾಡುತ್ತಿದ್ದ. ಹೆಂಡತಿ ಆ ಕಾರನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದಳು. ಅದರಲ್ಲಿ ಕೂರುವಾಗ ಮೂಗು ಮುರಿಯುತ್ತಿದ್ದಳು, ಆದರೆ ಕೂರದೆ ಬಿಡುತ್ತಿರಲಿಲ್ಲ.

ಬೆಳ್ಳಿ ಕಾರಿನ ಮರ್ಯಾದೆಯೇ ಬೇರೆ. ಅದರ ಮೇಲೆ ಮೆತ್ತನೆಯ ಬಟ್ಟೆ ಹೊದಿಸಿರುತ್ತಿದ್ದ. ವಾರಕ್ಕೊಮ್ಮೆ ಮೇಸ್ತ್ರಿ ಬಂದು ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ, ಒರೆಸಿ, ಮತ್ತೆ ಹೊದಿಸಿ ಹೋಗುತ್ತಿದ್ದ. ವರ್ಷಕ್ಕೊಮ್ಮೆ ಹಳೆಯ ಕಾರಿನವರ ಕೂಟ ಸೇರುತ್ತಿತ್ತು. ಅಲ್ಲಿಗೆ ಬೆಳ್ಳಿ ಕಾರು ಲಾರಿಯ ಮೇಲೆ, ಟಾರ್ಪಾಲಿನ ಒಳಗೆ ಕೂತು ಹೋಗುತ್ತಿತ್ತು. ವರ್ತಕ ಕೆಂಪು ಕಾರಿನಲ್ಲಿ, ಆ ಲಾರಿಯ ಹೊಗೆ ಕುಡಿಯುತ್ತ, ಹಿಂದೆ ಹಿಂದೆ ಹೋಗುತ್ತಿದ್ದ. ಕೂಟದಲ್ಲಿ ಬೆಳ್ಳಿ ಕಾರಿಗೆ ಪ್ರತಿ ವರ್ಷವೂ ಬಹುಮಾನ. ಕೆಂಪು ಕಾರಿಗೆ ಒಮ್ಮೆಯೂ ಸಿಗಲಿಲ್ಲ.

“ಎರಡರಲ್ಲಿ ಯಾವ್ದು ಮೇಲು?” ಎಂದು ಯಾರಾದರೂ ಕೇಳಿದರೆ ವರ್ತಕನ ಬಳಿ ಉತ್ತರ ಸಿದ್ಧವಾಗಿತ್ತು.

“ಕೆಂಪಂದು ಕಾರು ಕಣ್ರೀ. ಬೆಳ್ಳಿದು ದೇವರು” ಎನ್ನುತ್ತಿದ್ದ.

ಆಯುಧ ಪೂಜೆಯ ದಿನ ಎರಡಕ್ಕೂ ಹೂವಿನ ಹಾರ ಹಾಕಿ, ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವುದು ಉಂಟಲ್ಲ. ಪೂಜೆ ಮುಗಿದ ಮೇಲೆ ಕೆಂಪು ಕಾರು ಹಣ್ಣುಗಳನ್ನು ಚಟ್ಟನೆ ಒಡೆದು ರಸ್ತೆಗೆ ಇಳಿಯುತ್ತಿತ್ತು. ಬೆಳ್ಳಿ ಕಾರನ್ನು ವರ್ತಕ ಕದಲಿಸುತ್ತಿರಲಿಲ್ಲ. ಹಳೆಯ ಟೈರಿಗೆ ಹುಳಿ ತಾಗಬಾರದೆಂದು ಅವನ ಭಯ. ಮಂಗಳಾರತಿ ಆದ ಮೇಲೆ ನಾಲ್ಕು ಹಣ್ಣನ್ನೂ ಕೈಯಾರೆ ತೆಗೆಯುತ್ತಿದ್ದ. ಪೂಜೆ ಮಾಡಿದ ಹಣ್ಣು, ಎಸೆಯಲು ಮನಸ್ಸು ಬಾರದು. ಶೆಡ್ಡಿನ ಗೂಡಿನಲ್ಲಿ ಒಂದು ಬಿದಿರ ಬುಟ್ಟಿ ಇಟ್ಟು, ಅದರೊಳಗೆ ಹಾಕುತ್ತಿದ್ದ. ಹೀಗೆ ಹದಿನಾಲ್ಕು ವರ್ಷ.

“ಐವತ್ತಾರು” ಎಂದ ಹಾಲೇಶಪ್ಪ, ತನಗೆ ತಾನೇ.

ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ಹದಿನೈದನೆಯ ವರ್ಷ ರಸ್ತೆ ಅಗಲ ಮಾಡುವವರು ಬಂದರು. ವರ್ತಕನ ಶೆಡ್ಡಿನ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿ, ಅರ್ಧ ಹೋಗುತ್ತದೆ ಎಂದರು. ಉಳಿದ ಅರ್ಧದಲ್ಲಿ ಒಂದೇ ಕಾರು ನಿಲ್ಲಬಹುದಿತ್ತು. ಬೇರೆಯವರ ಜಾಗದಲ್ಲಿ ನಿಲ್ಲಿಸಿ ಎಂದು ಸ್ನೇಹಿತರು ಹೇಳಿದರು. ವರ್ತಕ ಒಪ್ಪಲಿಲ್ಲ. ಕಣ್ಣೆದುರಿಗಿಲ್ಲದ ಕಾರು ಇದ್ದರೆಷ್ಟು, ಬಿಟ್ಟರೆಷ್ಟು ಎಂದ. ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಾಯಿತು.

ಅವನು ಹೆಚ್ಚು ಯೋಚಿಸಲಿಲ್ಲ. ದೇವರನ್ನು ಯಾರಾದರೂ ಹೊರಗೆ ಕಳಿಸುತ್ತಾರೆಯೇ? ಕೆಂಪು ಕಾರನ್ನು ಕೊಡುವುದೆಂದು ಕೂಟದವರಿಗೆಲ್ಲ ಹೇಳಿ ಕಳಿಸಿದ. ಹೆಂಡತಿಗೆ ಆ ದಿನ ಯಾಕೋ ಊಟ ಸೇರಲಿಲ್ಲ. ‘ಸವತಿ ಹೋದರೆ ಹಬ್ಬ ಮಾಡ್ತೀನಿ ಅಂದಿದ್ಯಲ್ಲ’ ಎಂದು ವರ್ತಕ ಛೇಡಿಸಿದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೊಳ್ಳಲು ಬಂದವಳು ಒಬ್ಬ ವೈದ್ಯೆ. ಮೂವತ್ತು ವರ್ಷ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೂಟಕ್ಕೆ ಹೊಸಬಳಾದರೂ ಕಾರು ಓಡಿಸುವುದರಲ್ಲಿ ಗಟ್ಟಿಗಿತ್ತಿ ಎಂದು ಹೆಸರಾಗಿದ್ದಳು. ಮಾತು ಕಡಿಮೆ, ಕಿವಿ ಚುರುಕು.

ಹಳೆಯ ಕಾರಿನವರ ಕೂಟದಲ್ಲಿ ಒಂದು ಕಟ್ಟಳೆಯಿತ್ತು. ಕಾರು ಕೊಡುವವನು ಮೊದಲು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅದರ ಕೊರತೆಗಳನ್ನೆಲ್ಲ ಕೊಳ್ಳುವವರಿಗೆ ಒಪ್ಪಿಸಬೇಕು. ಉಳಿದ ಮಾತೆಲ್ಲ ಆಮೇಲೆ. ಮುಂದಿನ ಕೂಟದೊಳಗೆ ಹೇಳದೆ ಬಿಟ್ಟ ಕೊರತೆ ಹೊರಬಿದ್ದರೆ ಕೊಟ್ಟವನ ಹೆಸರು ಕೂಟದಿಂದ ಹೋಗುತ್ತದೆ. ಆ ಕೂಟದಲ್ಲಿ ಹೆಸರು ಕಳೆದುಕೊಳ್ಳುವುದು ವರ್ತಕನಿಗೆ ಅಂಗಡಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಅವಮಾನ.

ವರ್ತಕ ಕೆಂಪು ಕಾರಿನ ಮೇಲೆ ಅಂಗೈ ಇಟ್ಟ. ಒಪ್ಪಿಸತೊಡಗಿದ.

“ಬೆಳಿಗ್ಗೆ ತಣ್ಣಗಿದ್ದಾಗ ಎರಡನೇ ಗೇರು ಬೀಳಲ್ಲ ತಾಯಿ. ಬಲವಂತ ಮಾಡಬಾರ್ದು. ಒಂದರಿಂದ ಸೀದಾ ಮೂರಕ್ಕೆ ಹಾಕ್ಕೊಂಡು ಎರಡು ಮೈಲಿ ಹೋದ್ರೆ ತಾನೇ ದಾರಿಗೆ ಬರುತ್ತೆ. ಎಡಗಡೆ ಬಾಗಿಲನ್ನ ಒಂಚೂರು ಎತ್ತಿ ಹಾಕ್ಬೇಕು. ಪೆಟ್ರೋಲಿನ ಮುಳ್ಳು ಯಾವಾಗ್ಲೂ ಅರ್ಧ ಅಂತ್ಲೇ ತೋರ್ಸುತ್ತೆ, ಅದರ ಮಾತು ನಂಬಬೇಡಿ, ಸೀಟಿನ ಹಿಂದೆ ಬಿದಿರು ಕಡ್ಡಿ ಇಟ್ಟಿದ್ದೀನಿ, ಅದ್ದಿ ನೋಡಿ...”

ಒಂದಾದ ಮೇಲೊಂದು ಬಂದವು. ಬಿಸಿಲಿನಲ್ಲಿ ಪೇಟೆಯೊಳಗೆ ನಿಂತರೆ ಕುದಿಯುತ್ತದೆ, ಅದಕ್ಕೇ ತಾನು ಒಂಬತ್ತರೊಳಗೆ ಮನೆ ಬಿಡುವುದು. ಮಳೆ ಬಂದಾಗ ವೈಪರು ಮೊದಲ ಸಲ ಅರ್ಧಕ್ಕೆ ನಿಂತು ಯೋಚನೆ ಮಾಡುತ್ತದೆ, ಗಾಜಿಗೆ ಒಳಗಿನಿಂದ ಒಂದು ಪೆಟ್ಟು ಕೊಡಬೇಕು. ಘಟ್ಟದ ಏಳನೆಯ ತಿರುವಿನಲ್ಲಿ ಪೆಟ್ರೋಲಿನ ವಾಸನೆ ಬರುತ್ತದೆ, ಎಂಟನೆಯದರಲ್ಲಿ ಹೋಗುತ್ತದೆ, ಯಾಕೆಂದು ಮೇಸ್ತ್ರಿಗೂ ಗೊತ್ತಿಲ್ಲ. ಕ್ಲಚ್ಚು ಎಷ್ಟು ಬಿಗಿ ಎಂದರೆ ತನ್ನ ಎಡದೊಡೆ ಬಲದೊಡೆಗಿಂತ ದಪ್ಪವಾಗಿದೆ, ದರ್ಜಿ ಪ್ಯಾಂಟಿಗೆ ಎರಡು ಅಳತೆ ತೆಗೆದುಕೊಳ್ಳುತ್ತಾನೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂದಿನಿಂದ ಪಟಪಟ ಸಿಡಿಯುತ್ತದೆ, ಅದು ಕೊರತೆಯಲ್ಲ, ಅದಕ್ಕೆ ಖುಷಿಯಾಗಿದೆ ಎಂದರ್ಥ.

ಬಿಸಿಲು ಶೆಡ್ಡಿನ ಬಾಗಿಲಿನಿಂದ ಒಳಗೆ ಬಂದು ಮತ್ತೆ ಹೊರಗೆ ಹೋಯಿತು. ಅವನು ಇನ್ನೂ ಹೇಳುತ್ತಲೇ ಇದ್ದ. ವೈದ್ಯೆ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಬಟ್ಟೆ ಹೊದ್ದು ನಿಂತಿದ್ದ ಬೆಳ್ಳಿ ಕಾರಿನ ಕಡೆ ತಿರುಗಿದಳು.

“ಇದರದ್ದು?”

“ಅದನ್ನ ಕೊಡ್ತಾ ಇಲ್ಲ.”

“ಕೊಡೋದು ಬೇಡ. ಹೇಳಿ, ಕೇಳೋಣ.”

ವರ್ತಕ ಬಟ್ಟೆ ಸರಿಸಿದ. ಹೆಮ್ಮೆಯಿಂದ ಅಂಗೈ ಇಟ್ಟ. “ಇದಕ್ಕೆ ಒಂದೂ ಕೊರತೆ ಇಲ್ಲ” ಎಂದ.

“ತಣ್ಣಗಿದ್ದಾಗ ಗೇರು ಹೇಗೆ ಬೀಳುತ್ತೆ?”

ವರ್ತಕ ಮನಸ್ಸಿನಲ್ಲೇ ಕಡತ ತಿರುವಿದ. ಕಡತದಲ್ಲಿ ಅದು ಇರಲಿಲ್ಲ.

“ಬಿಸಿಲಲ್ಲಿ ಹೇಗೆ? ಮಳೇಲಿ ಹೇಗೆ? ತಿರುವಲ್ಲಿ ಹಿಂದಿನ ಚಕ್ರ ಜಾರುತ್ತೋ, ಹಿಡಿಯುತ್ತೋ?”

ಅವೂ ಕಡತದಲ್ಲಿ ಇರಲಿಲ್ಲ. ವೈದ್ಯೆಯ ಕಣ್ಣು ಗೂಡಿನಲ್ಲಿದ್ದ ಬುಟ್ಟಿಯ ಮೇಲೆ ಬಿತ್ತು. ಕೈ ಹಾಕಿ ಒಂದು ನಿಂಬೆಹಣ್ಣು ಎತ್ತಿಕೊಂಡಳು. ಅದು ಕಪ್ಪಾಗಿ, ಗೋಲಿಯಷ್ಟು ಗಟ್ಟಿಯಾಗಿತ್ತು. ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ ಎನ್ನುತ್ತಿತ್ತು. ಇದೇನೆಂದು ಅವಳು ಕೇಳಿದಳು. ವರ್ತಕ ಹೇಳಿದ. ಹೇಳುವಾಗ ಅವನಿಗೆ ಮೊದಲ ಸಲ ನಾಚಿಕೆಯಾಯಿತು.

“ನಾನು ಕಾರು ನೋಡಿದ್ದು ಕಡಿಮೆ, ಮಕ್ಕಳನ್ನ ನೋಡಿದ್ದು ಹೆಚ್ಚು” ಎಂದಳು ವೈದ್ಯೆ. “ತಾಯಿ ಮಗೂನ ಕರಕೊಂಡು ಬಂದ್ರೆ ನಿಮ್ಮ ಹಾಗೇ ಹೇಳ್ತಾಳೆ. ಎಡಗಡೆ ಮಲಗಿಸಿದ್ರೆ ಅಳುತ್ತೆ, ಬೆಲ್ಲ ಕೊಟ್ರೆ ಕೆಮ್ಮುತ್ತೆ, ಸಂಜೆ ಆದ್ರೆ ಹಟ ಮಾಡುತ್ತೆ, ಮುಗಿಯೋದೇ ಇಲ್ಲ. ಪಕ್ಕದ ಮನೆಯವರು ಕರಕೊಂಡು ಬಂದ್ರೆ ಒಂದೇ ಮಾತು. ಮಗು ಚೆನ್ನಾಗೇ ಇತ್ತು ಡಾಕ್ಟ್ರೇ, ಏನೂ ತೊಂದ್ರೆ ಇರ್ಲಿಲ್ಲ.”

ಅವಳು ಕೆಂಪು ಕಾರಿನ ಕೀಲಿಗಾಗಿ ಕೈ ಚಾಚಿದಳು. ವರ್ತಕ ಜೇಬಿನಿಂದ ಕೀಲಿ ತೆಗೆದ. ಕೊಡಲು ಹೋದರೆ ಬೆರಳು ಬಿಚ್ಚಲಿಲ್ಲ. ಬಿಸಿಲಿನಲ್ಲಿ ಕುದಿಯುವ ಆ ಕಾರು ಇನ್ನೊಬ್ಬರ ಕೈಯಲ್ಲಿ, ಪೇಟೆಯ ನಡುವೆ, ಹನ್ನೆರಡು ಗಂಟೆಯ ಹೊತ್ತಿಗೆ ನಿಂತಿರುವುದು ಅವನ ಕಣ್ಣಿಗೆ ಕಟ್ಟಿತು. ನೂಲಿನ ವ್ಯಾಪಾರದಲ್ಲಿ ಎಂಥೆಂಥ ಏರಿಳಿತ ಕಂಡವನು, ಒಂದು ಹನಿ ಕಣ್ಣೀರು ಹಾಕದವನು, ಅಲ್ಲಿ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ.

“ಬೆಳ್ಳಿದನ್ನ ತಗೊಂಡು ಹೋಗಿ ತಾಯಿ” ಎಂದ.

“ಕೊರತೆ ಒಪ್ಪಿಸ್ಬೇಕಲ್ಲ?”

“ಒಂದೂ ಇಲ್ಲ ಅಂತ ಆಗ್ಲೇ ಹೇಳಿದ್ದೀನಿ. ಬೇರೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ.”

ವೈದ್ಯೆ ಒಪ್ಪಿದಳು. ಲಾರಿ ತರಿಸಲಿಲ್ಲ. ಬುಟ್ಟಿಯಿಂದ ನಾಲ್ಕು ಒಣ ನಿಂಬೆಹಣ್ಣು ತೆಗೆದು ಚಕ್ರಗಳ ಕೆಳಗಿಟ್ಟಳು. ಕಾರು ಅವುಗಳನ್ನು ಪುಡಿ ಮಾಡಿಕೊಂಡು ರಸ್ತೆಗೆ ಇಳಿಯಿತು. ಆ ಕಾರು ಓಡುವ ಸದ್ದು ಹೇಗಿರುತ್ತದೆಂದು ವರ್ತಕನಿಗೆ ತಿಳಿದದ್ದು ಆ ಹೊತ್ತಿಗೆ.

ಮುಂದಿನ ವರ್ಷದ ಕೂಟಕ್ಕೆ ವೈದ್ಯೆ ಇನ್ನೂರು ಮೈಲಿ ದೂರದಿಂದ ಬೆಳ್ಳಿ ಕಾರನ್ನು ಓಡಿಸಿಕೊಂಡೇ ಬಂದಳು. ಮೈಯೆಲ್ಲ ಧೂಳು, ಮುಂದಿನ ಗಾಜಿಗೆ ಹುಳು ಅಂಟಿದ್ದವು. ಬಹುಮಾನ ಬರಲಿಲ್ಲ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಸುತ್ತ ನಿಂತವರಿಗೆ ಈ ಕಾರಿನ ಚಾಳಿ ಹೀಗೆ, ಹಟ ಹಾಗೆ ಎಂದು ನಗುನಗುತ್ತ ಹೇಳುತ್ತಿದ್ದಳು. ಕೂಟದ ಹಿರಿಯನೊಬ್ಬ ಅದನ್ನು ಬೆರಳು ಮಡಿಚಿ ಎಣಿಸಿದ. ಹದಿಮೂರಾಯಿತು.

ಅವನು ಎದ್ದು ನಿಂತು ಎಲ್ಲರ ಎದುರಿಗೆ ಕೇಳಿದ. “ವರ್ತಕರೇ, ಕಾರು ಕೊಡುವಾಗ ಎಷ್ಟು ಕೊರತೆ ಒಪ್ಪಿಸಿದ್ರಿ?”

“ಒಂದೂ ಇಲ್ಲ” ಎಂದ ವರ್ತಕ.

ಸಭೆ ಗುಸುಗುಸು ಎಂದಿತು. ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ವರ್ತಕ ತಲೆ ತಗ್ಗಿಸಿ, ಹೆಸರಿನ ಫಲಕದಿಂದ ತನ್ನ ಹೆಸರು ಅಳಿಸುವುದನ್ನು ಕಾಯುತ್ತ ನಿಂತ. ಆಗ ವೈದ್ಯೆ ಮುಂದೆ ಬಂದಳು.

“ಅವ್ರು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡ್ಬೇಕಾದ್ರೆ ಗೊತ್ತಿರ್ಬೇಕು. ಈ ಕಾರು ಹದಿನಾಲ್ಕು ವರ್ಷ ಅವರ ಶೆಡ್ಡಲ್ಲಿತ್ತು, ಅಷ್ಟೇ. ಅವರದ್ದಾಗಿರ್ಲಿಲ್ಲ. ಹಡಗಿಳಿದ ಮೇಲೆ ಅದಕ್ಕೆ ನಾನೇ ಮೊದಲ್ನೇ ಒಡತಿ.”

ಹಿರಿಯ ಕೂತ. ಹೆಸರು ಉಳಿಯಿತು. ಆದರೆ ಅಳಿಸಿದ್ದರೂ ವರ್ತಕನಿಗೆ ಆ ಮಾತಿನಷ್ಟು ನೋವಾಗುತ್ತಿರಲಿಲ್ಲ. ಅವನು ಬೆಳ್ಳಿ ಕಾರಿನ ಹತ್ತಿರ ಹೋಗಿ ಧೂಳಿನ ಮೇಲೆ ಬೆರಳಾಡಿಸಿದ. “ಆ ಹದಿಮೂರು ಏನೇನು, ನನಗೂ ಹೇಳಿ ತಾಯಿ” ಎಂದ. ವೈದ್ಯೆ ಹೇಳಿದಳು. ದೂರದ ನೆಂಟರ ಮನೆಯ ಸುದ್ದಿ ಕೇಳುವವನಂತೆ ಅವನು ನಿಂತು ಕೇಳಿಸಿಕೊಂಡ. “ಅಷ್ಟು ವರ್ಷ ನನ್ನ ಮನೇಲಿತ್ತು. ಒಂದನ್ನೂ ನನಗೆ ಹೇಳ್ಲಿಲ್ಲ ನೋಡಿ” ಎಂದ.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು, ಎಡಗಡೆಯ ಬಾಗಿಲನ್ನು ಒಂಚೂರು ಎತ್ತಿ ಹಾಕಿ, ಕೆಂಪು ಕಾರಿನಲ್ಲಿ ಊರಿಗೆ ಹೊರಟ. ಎರಡನೆಯ ಗೇರು ಬೀಳಲಿಲ್ಲ. ಅವನು ಬೈಯುತ್ತ ಮೂರಕ್ಕೆ ಹಾಕಿದ. ಅಂದಿನಿಂದ ಎರಡರಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ, ನಾನು ಒಂದೇ ಕಾರನ್ನು ಬಲ್ಲೆ ಎಂದಷ್ಟೇ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಆಶ್ರಮದ ಅಂಗಳದಲ್ಲಿ ಯಾರೋ ನೀರು ಸೇದುತ್ತಿದ್ದರು.

ಹಾಲೇಶಪ್ಪನಿಗೆ ಕತೆ ಹಿಡಿಸಿತು. ಆದರೆ ಅದು ಬೇರೆ ಯಾರಿಗೋ ಹೇಳಿದ ಕತೆ ಎಂದು ಅವನಿಗೆ ಅನಿಸಿತು. ಅವನು ಜೇಬಿನ ಪತ್ರವನ್ನು ಮುಟ್ಟಿ ನೋಡಿಕೊಂಡ. ದನಿ ಗಟ್ಟಿ ಮಾಡಿ ಹೇಳಿದ: “ಬುದ್ಧಿ, ಕಾರಿನ ಮಾತು ಬೇರೆ. ನಾನು ನಿಶ್ಚಯ ಮಾಡಿಯೇ ಬಂದಿದ್ದೇನೆ. ಮೂರು ವರ್ಷ ನೋಡಿದ್ದೇನೆ, ಈ ಆಶ್ರಮ ನನ್ನದೇ ಮನೆ. ನನಗೆ ಕಾವಿ ಕೊಡಿ.”

“ಕೊಡೋಣ” ಎಂದರು ಗುರುಗಳು. ಎದ್ದು ಒಳಗೆ ಹೋಗಿ, ಮಡಿಸಿದ ಕಾವಿ ಬಟ್ಟೆಯನ್ನು ತಂದು ಅವನ ಮುಂದೆ ಇಟ್ಟರು. ಹಾಲೇಶಪ್ಪ ಎರಡೂ ಕೈ ಚಾಚಿದ. ಗುರುಗಳು ಬಟ್ಟೆಯ ಮೇಲೆ ಅಂಗೈ ಇಟ್ಟು ಹೇಳಿದರು:

“ಮೊದಲು ಈ ಮನೆಯ ಒಂದೇ ಒಂದು ಕೊರತೆ ಹೇಳು.”